ಸೇವೆಯೋ, ದಾಸ್ಯವೋ? ಒಂದು ಸುವರ್ಣ ಮಹೋತ್ಸವದ ಅವಲೋಕನ

‘ಜ್ಯೂಬಿಲಿ’ ಎಂಬ ಪದ ಕಿವಿಗೆ ಬಿದ್ದೊಡನೆ ನಮ್ಮ ಕಣ್ಣ ಮುಂದೆ ಬರುವುದೇನು? ಬಾಳೆಕಂಬ, ಮಾವಿನ ತೋರಣ, ಧರ್ಮಾಧ್ಯಕ್ಷರ ಬಲಿಪೂಜೆ, ಶಾಲು, ಹಾರ, ಸ್ಮರಣ ಸಂಚಿಕೆ, ಕೊನೆಗೆ ಪ್ರೀತಿಭೋಜನ. ಆದರೆ ಈ ಪದದ ಮೂಲ ಹೀಬ್ರೂ ಭಾಷೆಯ ‘ಯೋಬೇಲ್’; ಅಂದರೆ ಟಗರಿನ ಕೊಂಬಿನ ಕಹಳೆ. ಯಾಜಕಕಾಂಡದ 25ನೆಯ ಅಧ್ಯಾಯದ ಪ್ರಕಾರ, ಐವತ್ತನೆಯ ವರ್ಷದಲ್ಲಿ ಆ ಕಹಳೆ ಮೊಳಗಿದಾಗ ಕೈಬಿಟ್ಟುಹೋದ ಹೊಲ ಮೂಲ ಕುಟುಂಬಕ್ಕೆ ಮರಳಬೇಕು. ಬಡತನದಿಂದ ತನ್ನನ್ನೇ ಮಾರಿಕೊಂಡವನು ಬಿಡುಗಡೆ ಹೊಂದಿ ತನ್ನವರ ಬಳಿಗೆ ಹೋಗಬೇಕು. ಜ್ಯೂಬಿಲಿ ಎಂದರೆ ಹೊಗಳಿಕೆಯ ವರ್ಷವಲ್ಲ, ಬಿಡುಗಡೆಯ ವರ್ಷ. ಈ ಅಳತೆಗೋಲನ್ನು ಕೈಯಲ್ಲಿ ಹಿಡಿದು ನಮ್ಮ ಕಾಲದ ಒಂದು ದೊಡ್ಡ ಸುವರ್ಣ ಮಹೋತ್ಸವವನ್ನು ಅವಲೋಕಿಸುವುದು ಈ ಲೇಖನದ ಉದ್ದೇಶ.

ದ್ವಿತೀಯ ವ್ಯಾಟಿಕನ್ ಮಹಾಸಭೆಯ ಆರಂಭದಲ್ಲಿ ಸ್ತ್ರೀಯರಿಗೆ ಅಲ್ಲಿ ಸ್ಥಾನವೇ ಇರಲಿಲ್ಲ. 1964ರಿಂದೀಚೆಗೆ ಒಟ್ಟು 23 ಮಂದಿ ಸ್ತ್ರೀಯರು ‘ಆಲಿಸುವವರು’ ಎಂಬ ಹೆಸರಿನಲ್ಲಿ ಪ್ರವೇಶ ಪಡೆದರು. ಅವರಲ್ಲಿ 10 ಮಂದಿ ಧರ್ಮಭಗಿನಿಯರು. ಆಲಿಸಬಹುದಿತ್ತು, ಮತ ಹಾಕುವಂತಿರಲಿಲ್ಲ. ಆ ಮಹಾಸಭೆ ಮುಕ್ತಾಯಗೊಂಡ 1965ರಲ್ಲಿಯೇ ಜಗತ್ತಿನ ಧರ್ಮಭಗಿನಿಯರ ಸಭೆಗಳ ಮದರ್ ಜನರಲ್‌ಗಳನ್ನು ಒಂದುಗೂಡಿಸುವ ಅಂತರರಾಷ್ಟ್ರೀಯ ಒಕ್ಕೂಟ ಸ್ಥಾಪನೆಯಾಯಿತು. ಯು.ಐ.ಎಸ್.ಜಿ. ಎಂಬುದು ಅದರ ರೂಢಿಯ ಹೆಸರು. 2016ರ ಮೇ ತಿಂಗಳಿನಲ್ಲಿ ರೋಮ್ ನಗರದಲ್ಲಿ ನಡೆದ ಮಹಾಧಿವೇಶನದಲ್ಲಿ ಈ ಒಕ್ಕೂಟವು ತನ್ನ ಐವತ್ತು ವರ್ಷಗಳನ್ನು ಸ್ಮರಿಸಿಕೊಂಡಿತು. ಹಲವು ದೇಶಗಳಿಂದ ಸುಮಾರು 900 ಮಂದಿ ಶ್ರೇಷ್ಠೆಯರು ಅಲ್ಲಿ ಸೇರಿದ್ದರು. ಜೀವಪರವಾದ ಜಾಗತಿಕ ಐಕಮತ್ಯವನ್ನು ನೇಯುವುದು ಅವರ ಧ್ಯೇಯವಾಕ್ಯವಾಗಿತ್ತು.

ನೇಯ್ಗೆಯ ಈ ರೂಪಕ ಬರಿಯ ಅಲಂಕಾರವಲ್ಲ. ಮಾನವ ಸಾಗಣೆಗೆ ಬಲಿಯಾದವರನ್ನು ಬಿಡಿಸಲು ಇದೇ ಒಕ್ಕೂಟ 2009ರಲ್ಲಿ ‘ತಲಿಥಾ ಕೂಮ್’ ಎಂಬ ಜಾಲವನ್ನು ಹೆಣೆದಿದೆ. ಯಾಯೀರನ ಮಗಳನ್ನು ಯೇಸುಸ್ವಾಮಿ ಎಬ್ಬಿಸಿದ ಮಾತೇ ಅದರ ಹೆಸರು. ಗಡಿ ದಾಟಿ ಮಾರಾಟವಾದ ಹೆಣ್ಣುಮಕ್ಕಳನ್ನು ಹುಡುಕುವ, ಆಶ್ರಯ ಕೊಡುವ, ಊರಿಗೆ ಮರಳಿಸುವ ಕೆಲಸವನ್ನು ಸದ್ದಿಲ್ಲದೆ ಮಾಡುತ್ತಿರುವವರು ಈ ಭಗಿನಿಯರು. ಯಾಜಕಕಾಂಡದ ಕಹಳೆಯ ಅರ್ಥವನ್ನು ಅವರು ಬಲ್ಲರು. ಪರರ ಸಂಕೋಲೆಯನ್ನು ಕಳಚುವ ಈ ಕೈಗಳಿಗೆ ಸ್ವತಃ ಧರ್ಮಸಭೆಯೊಳಗೆ ಸಂಕೋಲೆಗಳಿವೆಯೇ? ಈ ಪ್ರಶ್ನೆಯೇ ಆ ಮಹೋತ್ಸವದ ತಿರುಳು.

2016ರ ಮೇ 12ರಂದು ಜಗದ್ಗುರು ಫ್ರಾನ್ಸಿಸ್‌ರವರು ಅವರನ್ನು ಭೇಟಿಯಾದರು. ಮಹೋತ್ಸವದ ಸಭೆಯೆಂದರೆ ಅಭಿನಂದನೆಯ ಭಾಷಣ ಕೇಳಿ ಚಪ್ಪಾಳೆ ತಟ್ಟಿ ಏಳುವುದು ವಾಡಿಕೆ. ಅಂದು ಹಾಗಾಗಲಿಲ್ಲ. ಭಗಿನಿಯರು ಪ್ರಶ್ನೆಗಳನ್ನು ಸಿದ್ಧಪಡಿಸಿಕೊಂಡು ಬಂದಿದ್ದರು. ಧರ್ಮಸಭೆಯ ತೀರ್ಮಾನಗಳಲ್ಲಿ ನಮಗೆ ಪಾಲು ಏಕಿಲ್ಲ? ಆದಿಸಭೆಯಲ್ಲಿ ಸ್ತ್ರೀಯರು ಡೀಕನ್ ಆಗಿದ್ದರಲ್ಲವೇ, ಇಂದೇಕೆ ಆಗದು? ಬಲಿಪೂಜೆಯಲ್ಲಿ ನಾವೇಕೆ ಪ್ರಬೋಧನೆ ಮಾಡಬಾರದು? ಹೀಗೆ ಸೌಜನ್ಯ ಮೀರದೆ, ಆದರೆ ಮುಚ್ಚುಮರೆಯಿಲ್ಲದೆ ಕೇಳಿದರು. ನನ್ನ ದೃಷ್ಟಿಯಲ್ಲಿ ಆ ಜ್ಯೂಬಿಲಿಯ ನಿಜವಾದ ಕಹಳೆ ಇದೇ. ಅರ್ಧ ಶತಮಾನದ ಹಿಂದೆ ಆಲಿಸಲು ಮಾತ್ರ ಅವಕಾಶವಿದ್ದವರು ಈಗ ಕೇಳಿದರು; ಜಗದ್ಗುರುಗಳು ಆಲಿಸಿದರು.

ಆದರೆ ಮರುದಿನ ಜಗತ್ತಿನ ಪತ್ರಿಕೆಗಳಲ್ಲಿ ಉಳಿದದ್ದು ಒಂದೇ ವಿಷಯ: ಸ್ತ್ರೀ ಡೀಕನ್‌ರ ಬಗ್ಗೆ ಆಯೋಗ. ಅದು ಸಣ್ಣ ಸಂಗತಿಯಲ್ಲ. ಸಂತ ಪೌಲರು ರೋಮನರಿಗೆ ಬರೆದ ಪತ್ರದ 16ನೆಯ ಅಧ್ಯಾಯದಲ್ಲಿ ಕೆಂಕ್ರೆಯದ ಫೊಯಿಬೆಯನ್ನು ಕುರಿತು ಬಳಸಿದ ಗ್ರೀಕ್ ಪದವೂ ಅದೇ ಮೂಲದ್ದು. 2016ರ ಆಗಸ್ಟಿನಲ್ಲಿ ಆಯೋಗ ರಚನೆಯಾಯಿತು. ಸ್ತ್ರೀಯರೂ ಪುರುಷರೂ ಸಮಸಂಖ್ಯೆಯಲ್ಲಿದ್ದರು. ಅವರಲ್ಲಿ ಒಮ್ಮತ ಮೂಡಲಿಲ್ಲವೆಂದು ಜಗದ್ಗುರುಗಳು 2019ರಲ್ಲಿ ತಿಳಿಸಿದರು. 2020ರಲ್ಲಿ ಎರಡನೆಯ ಆಯೋಗ ಬಂತು. 2025ರ ಡಿಸೆಂಬರಿನಲ್ಲಿ ಪ್ರಕಟವಾದ ಅದರ ವರದಿಯು ಸ್ತ್ರೀಯರ ಡೀಕನ್ ಅಭಿಷೇಕಕ್ಕೆ ಸಮ್ಮತಿಸದಿದ್ದರೂ ಇದು ಅಂತಿಮ ತೀರ್ಪಲ್ಲವೆಂದು ಹೇಳಿತು. ಆ ಪ್ರಶ್ನೆಗೆ ಉತ್ತರಿಸಬೇಕಾದುದು ರೋಮ್, ನಾವು ನೀವಲ್ಲ.

ಅದೇ ದಿನ, ಅದೇ ಸಭೆಯಲ್ಲಿ ಜಗದ್ಗುರುಗಳು ಇನ್ನೊಂದು ಮಾತನ್ನೂ ಹೇಳಿದ್ದರು. ಧರ್ಮಭಗಿನಿಯರಿಂದ ಸೇವೆಯನ್ನಲ್ಲ, ದಾಸ್ಯವನ್ನು ಅಪೇಕ್ಷಿಸಿದಾಗ ‘ಇಲ್ಲ’ ಎನ್ನುವ ಧೈರ್ಯ ಶ್ರೇಷ್ಠೆಯರಿಗೆ ಇರಬೇಕು ಎಂಬುದು ಅದರ ತಾತ್ಪರ್ಯ. 2019ರ ಮೇ ತಿಂಗಳಿನಲ್ಲಿ ಇದೇ ಒಕ್ಕೂಟದ ಮುಂದೆ ಅದನ್ನೇ ಮತ್ತಷ್ಟು ಕಟುವಾಗಿ ಪುನರುಚ್ಚರಿಸಿ, ಯಾರೂ ಪಾದ್ರಿಯೊಬ್ಬರ ಮನೆಗೆಲಸದವಳಾಗಲು ವ್ರತ ಸ್ವೀಕರಿಸುವುದಿಲ್ಲ ಎಂದರು. ಈ ಮಾತಿಗೆ ಆಯೋಗ ಬೇಕಾಗಿಲ್ಲ, ಹಸ್ತಪ್ರತಿಗಳ ಸಂಶೋಧನೆ ಬೇಕಾಗಿಲ್ಲ. ಇದಕ್ಕೆ ಉತ್ತರಿಸಬೇಕಾದವರು ನಾವೇ. ರೋಮ್ ಉತ್ತರಿಸಬೇಕಾದ ಪ್ರಶ್ನೆಯನ್ನು ನಾವು ಉತ್ಸಾಹದಿಂದ ಚರ್ಚಿಸಿದೆವು. ನಾವು ಉತ್ತರಿಸಬೇಕಾದುದನ್ನು ಮೆಲ್ಲನೆ ಬದಿಗೆ ಸರಿಸಿದೆವು. ಆ ಮಹೋತ್ಸವದ ಬಗ್ಗೆ ನನ್ನ ಮುಖ್ಯ ಆಕ್ಷೇಪಣೆ ಇದೇ, ಮತ್ತು ಅದು ಭಗಿನಿಯರ ಮೇಲಿನದಲ್ಲ.

ಇದು ಅತಿಶಯೋಕ್ತಿ ಎನ್ನುವಿರಾ? 2018ರ ಮಾರ್ಚ್ ತಿಂಗಳಿನಲ್ಲಿ ವ್ಯಾಟಿಕನ್ ಪತ್ರಿಕೆಯ ಮಹಿಳಾ ಪುರವಣಿಯೇ ಈ ವಿಷಯವನ್ನು ಬಯಲಿಗೆಳೆಯಿತು. ಕಾರ್ಡಿನಲ್‌ಗಳ, ಧರ್ಮಾಧ್ಯಕ್ಷರ ಮನೆಗಳಲ್ಲಿ ನಸುಕಿನಿಂದ ರಾತ್ರಿಯವರೆಗೆ ಅಡುಗೆ ಮಾಡಿ, ಬಟ್ಟೆ ಒಗೆದು, ಒಪ್ಪಂದವಿಲ್ಲದೆ, ಅಲ್ಪ ಸಂಬಳಕ್ಕೆ ಅಥವಾ ಸಂಬಳವೇ ಇಲ್ಲದೆ ದುಡಿಯುವ ಭಗಿನಿಯರ ಅನುಭವಗಳು ಅದರಲ್ಲಿದ್ದವು. ತಾವು ಬಡಿಸಿದ ಮೇಜಿಗೆ ತಮ್ಮನ್ನು ಯಾರೂ ಕರೆಯುವುದಿಲ್ಲ ಎಂಬ ನೋವೂ ಇತ್ತು. ಮಾತನಾಡಿದವರು ತಮ್ಮ ನಿಜವಾದ ಹೆಸರು ಹೇಳಲಿಲ್ಲ ಎಂಬುದೇ ಒಂದು ಸಾಕ್ಷ್ಯ.

ರೋಮಿನ ಮಾತು ರೋಮಿಗೆ ಎಂದು ನಾನೂ ಪುಟ ತಿರುವಿಬಿಡಬಹುದಿತ್ತು. ಆದರೆ ನನ್ನ ನೆನಪು ಬಿಡಲಿಲ್ಲ. ಕೆಲವು ವರ್ಷಗಳ ಹಿಂದೆ ಒಬ್ಬ ಸಿಸ್ಟರ್ ಅವರ ವ್ರತ ಸ್ವೀಕಾರದ ಸುವರ್ಣ ಮಹೋತ್ಸವದಲ್ಲಿ ನಾನು ಪ್ರಬೋಧನೆ ನೀಡಿದೆ. ಉರಿದು ಬೆಳಕು ನೀಡುವ ಮೇಣದ ಬತ್ತಿ, ತನ್ನನ್ನೇ ತೇಯ್ದುಕೊಂಡ ಗಂಧದ ಕೊರಡು ಎಂದೆಲ್ಲ ಬಣ್ಣಿಸಿದೆ. ಊಟದ ಹೊತ್ತಿಗೆ ನಾವು ಗುರುಗಳೆಲ್ಲ ಮೊದಲ ಪಂಕ್ತಿಯಲ್ಲಿ ಕುಳಿತೆವು. ಅನ್ನ ಬಡಿಸುತ್ತ ಬಂದವರು ಅದೇ ಸಿಸ್ಟರ್. ಕೊರಳಲ್ಲಿ ಬೆಳಗಿನ ಹಾರ ಇನ್ನೂ ಇತ್ತು. “ಫಾದರ್, ಇನ್ನೊಂದು ಸ್ವಲ್ಪ ಹಾಕಲೇ?” ಎಂದು ಕೇಳಿದರು. ಎದ್ದು ಅವರನ್ನು ನನ್ನ ಜಾಗದಲ್ಲಿ ಕೂರಿಸಬೇಕಿತ್ತು. ನಾನು “ಸಾಕು ಸಿಸ್ಟರ್” ಎಂದು ಊಟ ಮುಂದುವರಿಸಿದೆ. ನನ್ನ ಪ್ರಬೋಧನೆಗೆ ನಾನೇ ಬರೆದ ಟಿಪ್ಪಣಿ ಅದು.

“ಗುರುಗಳೇ, ಸೇವೆಯೇ ಅವರ ಕರೆಯಲ್ಲವೇ? ಯೇಸುಸ್ವಾಮಿ ಶಿಷ್ಯರ ಪಾದ ತೊಳೆಯಲಿಲ್ಲವೇ?” ಎಂದು ಕೆಲವರು ಕೇಳಬಹುದು. ನಿಜ, ತೊಳೆದರು. ಆದರೆ ಯೊವಾನ್ನರ ಶುಭಸಂದೇಶದ 13ನೆಯ ಅಧ್ಯಾಯವನ್ನು ಇನ್ನೊಮ್ಮೆ ಓದಿ ನೋಡಿ. ನಡುವಿಗೆ ಅಂಗವಸ್ತ್ರ ಕಟ್ಟಿಕೊಂಡವರು ಗುರು. ಕಾಲು ನೀಡಿದವರು ಶಿಷ್ಯರು. ಪರಸ್ಪರರ ಪಾದ ತೊಳೆಯಬೇಕೆಂದು ಅವರು ಕಲಿಸಿದರೇ ಹೊರತು, ಒಬ್ಬ ಶಿಷ್ಯ ಸದಾ ಕಾಲು ಚಾಚಿ ಕುಳಿತಿರಲಿ, ಇನ್ನೊಬ್ಬಳು ಸದಾ ಬಾಗಿರಲಿ ಎಂದು ಕಲಿಸಲಿಲ್ಲ. ಅಡುಗೆಯ ಕೆಲಸ ಕೀಳಲ್ಲ. ಅದನ್ನು ಮಾಡುವವಳಿಗೆ ಅದಕ್ಕೆ ‘ಒಲ್ಲೆ’ ಎನ್ನುವ ಸ್ವಾತಂತ್ರ್ಯವಿದೆಯೇ ಎಂಬುದೇ ಪ್ರಶ್ನೆ. ಆ ಸ್ವಾತಂತ್ರ್ಯವಿದ್ದಲ್ಲಿ ಅದು ಸೇವೆ, ಇಲ್ಲದಿದ್ದಲ್ಲಿ ದಾಸ್ಯ. ಇನ್ನು ವಿಧೇಯತೆಯ ವ್ರತದ ಮಾತು: ಆ ವ್ರತವನ್ನು ಅವರು ತಮ್ಮ ಸಭೆಯಲ್ಲಿ, ತಮ್ಮ ನಿಯಮಾವಳಿಗೆ ಅನುಸಾರವಾಗಿ ದೇವರಿಗೆ ಅರ್ಪಿಸಿದ್ದಾರೆ, ಧರ್ಮಕೇಂದ್ರದ ಗುರುವಿನ ಅಡುಗೆಮನೆಗಲ್ಲ.

ಮಹೋತ್ಸವದ ಒಂದು ಮಿತಿಯನ್ನೂ ಹೇಳಲೇಬೇಕು. ಅಂದು ಅಲ್ಲಿ ಕುಳಿತಿದ್ದವರು ಶ್ರೇಷ್ಠೆಯರು. ಅಡುಗೆಮನೆಯ ಸಿಸ್ಟರ್ ಅಲ್ಲಿರಲಿಲ್ಲ. ಆಕೆಯ ಪ್ರಶ್ನೆ ಏನಿತ್ತೆಂದು ನಮಗೆ ತಿಳಿಯದು. ಆದುದರಿಂದಲೇ ಜಗದ್ಗುರುಗಳ ಆ ಮಾತು ಸರಿಯಾದ ಬಾಗಿಲನ್ನೇ ತಟ್ಟಿತು. ಭಗಿನಿಯರನ್ನು ಎಲ್ಲಿಗೆ, ಯಾವ ಕೆಲಸಕ್ಕೆ ಕಳುಹಿಸಬೇಕೆಂದು ನಿರ್ಧರಿಸುವವರು ಅವರೇ. ‘ಇಲ್ಲ’ ಎನ್ನುವ ಹೊಣೆ ಸಭೆಯ ಹಿರಿಯರದ್ದು. ಅದನ್ನು ಅತ್ಯಂತ ಕಿರಿಯ ಸಿಸ್ಟರ್ ಮೇಲೆ ಹೊರಿಸಬಾರದು.

ನಮ್ಮ ನಾಡಿಗೂ ಈ ಋಣದ ಲೆಕ್ಕ ಸೇರಿದೆ. 1870ರಲ್ಲಿ ಅಪೋಸ್ತಲಿಕ್ ಕಾರ್ಮೆಲ್ ಸಭೆಯ ಭಗಿನಿಯರು ಕಡಲು ದಾಟಿ ಮಂಗಳೂರಿಗೆ ಬಂದರು. 1921ರಲ್ಲಿ ಅದೇ ಮಂಗಳೂರಿನಲ್ಲಿ ಬೆಥನಿ ಸಭೆ ಹುಟ್ಟಿತು. ಈ ಮಣ್ಣಿನಲ್ಲಿ ಅಕ್ಷರ ಕಲಿತ ಎಷ್ಟು ಹೆಣ್ಣುಮಕ್ಕಳ ಹಿಂದೆ ಇಂತಹ ಭಗಿನಿಯರಿಲ್ಲ? ಈ ಋಣ ಶಾಲು ಹೊದಿಸಿದರೆ ತೀರುವಂಥದ್ದಲ್ಲ. ಜಗತ್ತಿನಲ್ಲಿ 1970ರ ಸುಮಾರಿಗೆ ಹತ್ತು ಲಕ್ಷದಷ್ಟಿದ್ದ ಧರ್ಮಭಗಿನಿಯರು ಇಂದು ಸುಮಾರು ಆರು ಲಕ್ಷ. ಕರೆಗಳು ಕಡಿಮೆಯಾದವೆಂದು ಪ್ರಾರ್ಥಿಸುವ ನಾವು, ಬಂದ ಕರೆಗಳನ್ನು ಹೇಗೆ ನಡೆಸಿಕೊಂಡೆವೆಂದು ಕೇಳಿಕೊಂಡಿದ್ದೇವೆಯೇ?

ಹಾಗಾದರೆ ಮಾಡಬೇಕಾದುದೇನು? ದೊಡ್ಡ ದೇವಶಾಸ್ತ್ರವೇನೂ ಬೇಕಿಲ್ಲ. 1983ರ ಧರ್ಮಸಭೆಯ ಕಾನೂನು ಸಂಹಿತೆಯ 681ನೆಯ ಕಟ್ಟಳೆಯನ್ನು ತೆರೆದರೆ ಸಾಕು. ಧರ್ಮಾಧ್ಯಕ್ಷರು ಯಾವುದೇ ಧಾರ್ಮಿಕ ಸಭೆಗೆ ಕಾರ್ಯವೊಂದನ್ನು ಒಪ್ಪಿಸುವಾಗ ಲಿಖಿತ ಒಪ್ಪಂದವಿರಬೇಕು. ಕೆಲಸದ ಸ್ವರೂಪ, ನೇಮಕಗೊಳ್ಳುವವರು, ಹಣಕಾಸಿನ ವಿಷಯ ಅದರಲ್ಲಿ ಸ್ಪಷ್ಟವಾಗಿರಬೇಕು ಎಂದು ಅದು ವಿಧಿಸುತ್ತದೆ. ನಿಮ್ಮ ಧರ್ಮಕೇಂದ್ರದಲ್ಲಿ ದುಡಿಯುವ ಸಿಸ್ಟರ್ ಅವರಿಗೆ ಅಂತಹ ಪತ್ರ ಇದೆಯೇ? ವಾರದ ಬಿಡುವು ಇದೆಯೇ? ಮುಪ್ಪಿನ ಕಾಲಕ್ಕೆ ಆಸರೆ ಇದೆಯೇ? ಪಾಲನಾ ಮಂಡಳಿಯ ಸಭೆಯಲ್ಲಿ ಅವರು ಚಹಾ ತರುತ್ತಾರೆಯೇ, ಅಥವಾ ಕುಳಿತು ಮಾತನಾಡುತ್ತಾರೆಯೇ?

ಜಗದ್ಗುರು ಫ್ರಾನ್ಸಿಸ್‌ರವರು 2025ರ ಏಪ್ರಿಲ್ 21ರಂದು ಪ್ರಭುವಿನಲ್ಲಿ ವಿಶ್ರಮಿಸಿದರು. ಅದೇ ವರ್ಷದ ಜನವರಿಯಲ್ಲಿ ಅವರು ಸಿಸ್ಟರ್ ಸಿಮೋನಾ ಬ್ರಂಬಿಲ್ಲಾ ಅವರನ್ನು ಸಮರ್ಪಿತ ಜೀವನದ ವ್ಯಾಟಿಕನ್ ಇಲಾಖೆಯ ಮುಖ್ಯಸ್ಥೆಯಾಗಿ ನೇಮಿಸಿದ್ದರು. 2016ರಲ್ಲಿ ಕೇಳಿದ ಮೊದಲನೆಯ ಪ್ರಶ್ನೆಗೆ ರೋಮಿನಿಂದ ಒಂದಿಷ್ಟು ಉತ್ತರ ಬಂದಿತು ಎನ್ನಬಹುದು. ನಮ್ಮ ಪಾಲಿನ ಉತ್ತರ ಇನ್ನೂ ಬಾಕಿ ಇದೆ.

ಪ್ರಿಯ ಓದುಗರೇ, ಮುಂದಿನ ಸಲ ನಿಮ್ಮೂರಿನ ಕಾನ್ವೆಂಟಿನಲ್ಲಿ ಜ್ಯೂಬಿಲಿ ನಡೆದಾಗ ಹಾರವನ್ನು ಖಂಡಿತ ತನ್ನಿ. ಆದರೆ ಊಟದ ಹೊತ್ತಿಗೆ ಸಿಸ್ಟರ್ ಅವರ ಕೈಯಿಂದ ಅನ್ನದ ಪಾತ್ರೆಯನ್ನು ಇಸಿದುಕೊಳ್ಳಿ. ಅಂದು ಬಡಿಸುವವರ ಸಾಲಿನಲ್ಲಿ ನಾನೂ ನಿಲ್ಲುತ್ತೇನೆ.