ಬುಕಾನನ್ ಕಂಡ ವೇದಾವತಿಯ ಕಣಿವೆ: ಒಂದು ವಿವೇಚನೆ

ಚಿತ್ರದುರ್ಗ ಸೀಮೆಯ ಚರಿತ್ರೆಯೆಂದೊಡನೆ ಓದುಗರ ಮನಸ್ಸು ಏಳು ಸುತ್ತಿನ ಕೋಟೆಯನ್ನೇರುತ್ತದೆ. ಪಾಳೆಯಗಾರರ ಪರಾಕ್ರಮ, ಒಳಸಂಚು, 1779ರಲ್ಲಿ ದುರ್ಗವು ಹೈದರಾಲಿಯ ವಶವಾದುದು ಇವೆಲ್ಲ ಕನ್ನಡ ಸಾಹಿತ್ಯಕ್ಕೆ ವಸ್ತುವಾದುದು ಸಹಜವೇ. ತ.ರಾ.ಸು. ಅವರ ‘ದುರ್ಗಾಸ್ತಮಾನ’ವು ಈ ಪರಂಪರೆಯ ಶ್ರೇಷ್ಠ ಕೃತಿ. ಆದರೆ ಕೋಟೆ ಬಿದ್ದ ಮೇಲೂ ಉತ್ತು ಬಿತ್ತಿ ಬಾಳಿದವರ ಕಥೆ ಎಲ್ಲಿದೆ? ಅದನ್ನು ಅರಸುವವರು ಬೆಟ್ಟವನ್ನಿಳಿದು ಹೊಳೆಯ ದಾರಿ ಹಿಡಿಯಬೇಕು.

ಬಾಬಾಬುಡನ್ ಗಿರಿಯಲ್ಲಿ ಹುಟ್ಟಿದ ವೇದಾ ಮತ್ತು ಅವತಿ ಕಡೂರಿನ ಬಳಿ ಕೂಡಿ ವೇದಾವತಿಯಾಗುತ್ತವೆ. ಈ ಹೊಳೆಯು ಹೊಸದುರ್ಗ, ಹಿರಿಯೂರು ಸೀಮೆಗಳನ್ನು ಹಾಯ್ದು, ಹಗರಿಯೆಂಬ ಹೆಸರಿನಿಂದ ಮುಂದೆ ತುಂಗಭದ್ರೆಯನ್ನು ಸೇರುತ್ತದೆ. ದುರ್ಗವು ಬಿದ್ದ ಇಪ್ಪತ್ತೆರಡು ವರ್ಷಗಳ ತರುವಾಯ, 1801ರಲ್ಲಿ, ಈ ಸೀಮೆಯಲ್ಲಿ ಸಂಚರಿಸಿದವನು ವೈದ್ಯನಾದ ಫ್ರಾನ್ಸಿಸ್ ಬುಕಾನನ್. ಅವನ ಪ್ರವಾಸಕಥನವು 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು.

ಅದರ ಮೂರನೆಯ ಸಂಪುಟದ ರಚನೆಯೇ ವಿಚಾರಾರ್ಹವಾಗಿದೆ. ನಗರದಿಂದ ಹಿರಿಯೂರಿನವರೆಗೆ ಒಂದು ಅಧ್ಯಾಯ; ಹಿರಿಯೂರಿನಿಂದ ಶ್ರೀರಂಗಪಟ್ಟಣದವರೆಗೆ ಮತ್ತೊಂದು. ನಮ್ಮ ಕಾದಂಬರಿಗಳಲ್ಲಿ ದುರ್ಗವೇ ಕೇಂದ್ರ. ಬುಕಾನನ್ನನ ಕಥನಕ್ಕೆ ತಿರುವು ಹೊಳೆಯ ದಂಡೆಯ ಹಿರಿಯೂರು. ಮರಾಠರ ದಂಡಿನ ಹಾವಳಿ ಮತ್ತು ಅದರ ಬೆನ್ನಲ್ಲೇ ಬಂದ ಕ್ಷಾಮದಿಂದ ಬರಿದಾಗಿದ್ದ ಊರದು. ಯುದ್ಧದ ಲೆಕ್ಕವನ್ನು ಬತೇರಿಯ ಮೇಲೆ ನಿಂತು ಬರೆಯುವುದು ಒಂದು ಬಗೆ. ಪಾಳುಬಿದ್ದ ಬೀದಿಯಲ್ಲಿ ನಿಂತು ಬರೆಯುವುದು ಇನ್ನೊಂದು ಬಗೆ.

ಹೊಸದುರ್ಗ ಸೀಮೆಯ ಮತ್ತೋಡಿನ ವರ್ಣನೆ ಈ ಭಾಗದ ತಿರುಳು. ಅಲ್ಲಿ ಬಳೆಯ ಗಾಜನ್ನು ಮಾಡುತ್ತಿದ್ದರು. ಬಿಳಿಯ ಬೆಣಚುಕಲ್ಲನ್ನು ಪುಡಿಮಾಡಿ ಸವಳುಮಣ್ಣಿನೊಡನೆ ಕಾಯಿಸಿ ಕರಗಿಸುವ ಕ್ರಮವನ್ನು ಬುಕಾನನ್ ತಾಳ್ಮೆಯಿಂದ ವಿವರಿಸುತ್ತಾನೆ. ಕುಲುಮೆಗಳಿದ್ದುದು ಊರಗೋಡೆಯ ಒಳಮೈಗೆ ಆನಿಸಿ ಕಟ್ಟಿದ ಎತ್ತರದ ಜಗಲಿಯಲ್ಲಿ. ಕಾವಲಿಗೆಂದು ಎದ್ದ ಗೋಡೆಯೇ ಕಾಯಕಕ್ಕೆ ಆಸರೆಯಾಗಿತ್ತು! ಹೆಣ್ಣುಮಕ್ಕಳ ಕೈಬಳೆಗೆ ಆ ಗೋಡೆಯ ಮಗ್ಗುಲಲ್ಲಿ ಬೆಂಕಿ ಉರಿಯುತ್ತಿತ್ತೆಂಬುದನ್ನು ಯಾವ ವಂಶಾವಳಿ ಹೇಳೀತು?

ಆದರೂ ಈ ಗ್ರಂಥವನ್ನು ಕಣ್ಣುಮುಚ್ಚಿ ಕೊಂಡಾಡುವಂತಿಲ್ಲ. ಟಿಪ್ಪುವಿನ ಪತನಾನಂತರ ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ಹೊರಟವನು ಬುಕಾನನ್. ಬೆಳೆ, ಕಸುಬು, ವ್ಯಾಪಾರ, ಮತಾಚಾರ ಎಲ್ಲವನ್ನೂ ಅವನು ಕೇಳಿದ್ದು ಕಂಪನಿಯ ಪ್ರಯೋಜನಕ್ಕಾಗಿ. ಆದ್ದರಿಂದಲೇ ಅವನ ಬರಹದಲ್ಲಿ ಕುಲುಮೆಯಿದೆ, ಕಲ್ಲಿದೆ, ಮಣ್ಣಿದೆ. ಕುಲುಮೆಯ ಮುಂದೆ ಕುಳಿತವನ ಅಂತರಂಗವಿಲ್ಲ. ವಚನಗಳನ್ನು ಓದಿದವರಿಗೆ ಈ ಕೊರತೆ ಒಡನೆಯೇ ತಿಳಿಯುತ್ತದೆ. ಅಂಬಿಗರ ಚೌಡಯ್ಯ, ಮೇದಾರ ಕೇತಯ್ಯ, ನುಲಿಯ ಚಂದಯ್ಯ ಇವರ ಹೆಸರಿನಲ್ಲೇ ಕಸುಬಿದೆ. ಕಸುಬಿನ ಪರಿಭಾಷೆಯೇ ಅವರಲ್ಲಿ ಅನುಭಾವದ ಪರಿಭಾಷೆಯಾಗಿದೆ. ಅಲ್ಲಿ ಕಾಯಕಜೀವಿಯು ತಾನೇ ಮಾತನಾಡುತ್ತಾನೆ. ಇಲ್ಲಿ ಅವನು ನೋಟಕ್ಕೆ ವಸ್ತು ಮಾತ್ರ.

ಹಾಗೆಂದು ಬುಕಾನನ್ನನನ್ನು ಕೈಬಿಡುವುದು ಸಲ್ಲದು. ನೀರು, ನೆಲ, ದುಡಿಮೆಗಳ ಕಡೆಯಿಂದ ಚರಿತ್ರೆಯನ್ನು ಕಾಣುವುದು ಈ ಸೀಮೆಗೆ ಹೊರಗಿನಿಂದ ಬಂದ ದೃಷ್ಟಿಯಲ್ಲ. ದುರ್ಗದ ಬುಡದ ಚಂದ್ರವಳ್ಳಿಯಲ್ಲಿರುವ ಮಯೂರಶರ್ಮನ ಪ್ರಾಕೃತ ಶಾಸನವು ಕೆರೆಯ ನಿರ್ಮಾಣವನ್ನು ಹೇಳುತ್ತದೆ. ಅಲ್ಲಿಯೇ ದೊರೆತ ರೋಮನ್ ನಾಣ್ಯಗಳು ದೂರದೇಶಗಳೊಡನೆ ಇದ್ದ ವ್ಯಾಪಾರಕ್ಕೆ ಸಾಕ್ಷಿ. ಹೊಳಲ್ಕೆರೆಯ ಹೆಸರಿನಲ್ಲಿ ಪಟ್ಟಣವೆಂಬ ಅರ್ಥದ ‘ಹೊಳಲು’ ಕೆರೆಯೊಡನೆಯೇ ಕೂಡಿ ನಿಂತಿದೆ.

ಬುಕಾನನ್ ಬಂದುಹೋದ ಒಂದು ಶತಮಾನದ ಮೇಲೆ, 1898ರಿಂದ 1907ರವರೆಗೆ, ಮಾರಿಕಣಿವೆಯಲ್ಲಿ ವೇದಾವತಿಗೆ ಕಟ್ಟೆ ಕಟ್ಟಿದರು. ಆ ವಾಣಿವಿಲಾಸ ಸಾಗರವು 1933ರಲ್ಲಿ ತುಂಬಿ ಕೋಡಿಬಿದ್ದ ಮೇಲೆ ಮತ್ತೆ ಕೋಡಿಬಿದ್ದುದು 2022ರಲ್ಲಿ. ಎಂಬತ್ತೊಂಬತ್ತು ವರ್ಷ ಕಾಯಿಸಿದ ಹೊಳೆಯಿದು. ಅದರ ದಂಡೆಯಲ್ಲಿ ಬಾಳುವುದೆಂದರೇನೆಂಬುದನ್ನು ಹೇಳಲು ಕೋಟೆಯ ಕಥೆಯೊಂದೇ ಸಾಲದು.

ಸಾಹಿತ್ಯದ ವಿದ್ಯಾರ್ಥಿಗಳು ‘ದುರ್ಗಾಸ್ತಮಾನ’ದ ಪಕ್ಕದಲ್ಲಿ ಬುಕಾನನ್ನನ ಈ ಅಧ್ಯಾಯಗಳನ್ನಿಟ್ಟು ಓದಲಿ, ಇವೆರಡರ ನಡುವೆ ವಚನಗಳನ್ನಿಡಲಿ. ಒಂದು ಅರಸನ ಅಳಿವನ್ನು ತಿಳಿಸುತ್ತದೆ, ಇನ್ನೊಂದು ದುಡಿಮೆಯ ಕ್ರಮವನ್ನು. ದುಡಿದವನಿಗೂ ಒಂದು ಮನಸ್ಸಿತ್ತೆಂಬುದನ್ನು ಮರೆಯಗೊಡದವು ವಚನಗಳು.