ಗ್ರೀಕ್ ಮದುವೆಯೂ ಕಂಬಂ ಕಣಿವೆಯೂ

ಕೊಡೈಕಾನಲ್ ಬೆಟ್ಟವಿಳಿದು ಕಂಬಂ ಕಣಿವೆಗೆ ಹೋದರೆ ಕನ್ನಡ ಮನೆಮಾತಿನ ಕಪ್ಪಿಲಿಯರು ಸಿಗುತ್ತಾರೆ. ಸೋದರತ್ತೆಯ ಮಗಳ ಮೇಲೆ ಇವರಲ್ಲಿ ವರನಿಗಿದ್ದ ಬಿಗಿಯಾದ ಹಕ್ಕನ್ನು ೧೯೦೬ರ ಮಧುರೆ ಗೆಜೆಟಿಯರ್ ಹೇಳುತ್ತದೆ. ಇದನ್ನು ನೆನೆದೇ ನಾವು ‘ಮೈ ಬಿಗ್ ಫ್ಯಾಟ್ ಗ್ರೀಕ್ ವೆಡಿಂಗ್’ (೨೦೦೨) ಚಿತ್ರವನ್ನು ನೋಡಿದೆವು.

ಷಿಕಾಗೋದ ಗ್ರೀಕ್ ಮನೆತನದ ಟೂಲಾ ಹೊರಗಿನ ಇಯಾನನನ್ನು ವರಿಸುತ್ತಾಳೆ. ಎಲ್ಲ ಪದಕ್ಕೂ ಗ್ರೀಕ್ ಮೂಲ ಹುಡುಕುವ ತಂದೆಯನ್ನು ಕಂಡು ನಗುತ್ತೇವೆ. ಲೇಖಕಿ ನಿಯಾ ವರ್ಡಲೋಸ್ ಆತನನ್ನು ಹೀಗಳೆಯುವುದಿಲ್ಲ. ಆದರೆ ಬಾಗುವವನು ವರನೇ, ದೀಕ್ಷಾಸ್ನಾನವೂ ಅವನಿಗೇ. ಇದು ಚಿತ್ರದ ಕೊರತೆ.

ಕೊನೆಯಲ್ಲಿ ಟೂಲಾ ಮಗಳನ್ನು ಗ್ರೀಕ್ ಶಾಲೆಗೆ ಒಯ್ಯುತ್ತಾಳೆ; ಮದುವೆ ಮಾತ್ರ ಮಗಳ ಇಷ್ಟಕ್ಕೆ ಬಿಟ್ಟದ್ದು. ಅಲ್ಲಿ ನುಡಿಯನ್ನು ಕಾಯುವುದು ಶಾಲೆ. ಕಣಿವೆಯಲ್ಲಿ ಆ ಭಾರವನ್ನು ಒಳಮದುವೆಯೇ ಹೊತ್ತಿತೆಂದು ನಮ್ಮ ಭಾವನೆ. ಹೆಣ್ಣುಮಕ್ಕಳ ಹೆಗಲಿನಿಂದ ಅದನ್ನು ಇಳಿಸಬೇಕಾದರೆ ಉಪಾಧ್ಯಾಯರಾದ ನಾವು ಹೊರಬೇಕು.