‘ಸ್ವಿಚ್ಡ್ ಆನ್’ ಎಂಬ ಆತ್ಮಕಥನ: ಒಂದು ಸಾಕ್ಷ್ಯವಿಚಾರ

ವೈದ್ಯಶಾಸ್ತ್ರದಲ್ಲಿ ತೀರ್ಪು ಕೊಡಲು ನಾವು ಅಧಿಕಾರಿಗಳಲ್ಲ. ಆದರೆ ಸಾಕ್ಷ್ಯವನ್ನು ತೂಗಿ ನೋಡುವುದು ಇತಿಹಾಸಕಾರನ ಕಸುಬು. ಜಾನ್ ಎಲ್ಡರ್ ರಾಬಿಸನ್ ಅವರು 2016ರಲ್ಲಿ ಪ್ರಕಟಿಸಿದ ‘ಸ್ವಿಚ್ಡ್ ಆನ್’ ಎಂಬ ಗ್ರಂಥವು ಅಂಥ ಪರೀಕ್ಷೆಗೆ ಅರ್ಹವಾಗಿದೆ.

ರಾಬಿಸನ್ ಅವರು ಆಟಿಸಂ ಉಳ್ಳವರು. 2008ರಲ್ಲಿ, ತಮ್ಮ ಐವತ್ತರ ವಯಸ್ಸಿನಲ್ಲಿ, ಬಾಸ್ಟನ್ ನಗರದ ಸಂಶೋಧನಾಲಯವೊಂದರಲ್ಲಿ ಮಿದುಳಿನ ಕಾಂತಪ್ರಚೋದನೆಯ ಪ್ರಯೋಗಕ್ಕೆ ತಾವಾಗಿ ಒಪ್ಪಿದರು. ತಲೆಯ ಮೇಲೆ ಹಿಡಿದ ತಂತಿಸುರುಳಿಯಲ್ಲಿ ವಿದ್ಯುತ್ತನ್ನು ಕ್ಷಣಮಾತ್ರ ಹರಿಯಿಸಿದರೆ, ಅದರಿಂದ ಹುಟ್ಟುವ ಕಾಂತಕ್ಷೇತ್ರವು ತಲೆಬುರುಡೆಯನ್ನು ಹಾದು ಮಿದುಳಿನ ಹೊರಪದರದಲ್ಲಿ ಸಣ್ಣ ವಿದ್ಯುತ್ಪ್ರವಾಹವನ್ನು ಎಬ್ಬಿಸುತ್ತದೆ. ಶಸ್ತ್ರಕ್ಕೆ ಇಲ್ಲಿ ಕೆಲಸವಿಲ್ಲ. 1985ರಲ್ಲಿ ಷೆಫೀಲ್ಡಿನ ಆಂಥೊನಿ ಬಾರ್ಕರ್ ಮೊದಲಾದವರು ತೋರಿಸಿಕೊಟ್ಟ ವಿಧಾನವಿದು. ಇದರ ತರುವಾಯ ಸಂಗೀತವು ತಮಗೆ ಹೊಸದಾಗಿ ಕೇಳಿಸಿತೆಂದೂ ಪರರ ಭಾವಗಳು ಮನಸ್ಸಿಗೆ ತಟ್ಟಿದುವೆಂದೂ ಗ್ರಂಥಕರ್ತರು ಹೇಳುತ್ತಾರೆ. ಲಾಭದೊಡನೆ ನಷ್ಟವನ್ನೂ ಅವರು ಮುಚ್ಚಿಡುವುದಿಲ್ಲ. ಪರರ ದುಃಖವು ತಮ್ಮನ್ನು ಕಾಡಿದುದನ್ನೂ ದಾಂಪತ್ಯವು ಮುರಿದುದನ್ನೂ ಬರೆದಿದ್ದಾರೆ. ಇದು ಪ್ರಚಾರಕನ ಲಕ್ಷಣವಲ್ಲ. ಗ್ರಂಥದ ಬೆಲೆ ಇರುವುದು ಈ ಪ್ರಾಮಾಣಿಕತೆಯಲ್ಲಿ.

ಆದರೆ ಪ್ರಾಮಾಣಿಕತೆ ಬೇರೆ, ಪ್ರಮಾಣ ಬೇರೆ. ಇಲ್ಲಿ ಪ್ರಯೋಗಕ್ಕೊಳಗಾದವನೂ ಸಾಕ್ಷಿಯೂ ಒಬ್ಬನೇ. ಘಟನೆಗೂ ಗ್ರಂಥಕ್ಕೂ ನಡುವೆ ಎಂಟು ವರ್ಷಗಳ ಅಂತರವುಂಟು. ಇಂಥ ಹೇಳಿಕೆಗಳು ಎಲ್ಲಿಗೆ ಒಯ್ಯುತ್ತವೆಂಬುದಕ್ಕೆ ನಿದರ್ಶನವಿದೆ. ಸೆಕ್ರೆಟಿನ್ ಎಂಬ ಹಾರ್ಮೋನಿನಿಂದ ಮೂವರು ಮಕ್ಕಳು ಸುಧಾರಿಸಿದರೆಂಬ ವರದಿ 1998ರಲ್ಲಿ ಹೊರಬಂದಾಗ ತಂದೆತಾಯಿಗಳು ಅದಕ್ಕಾಗಿ ಮುಗಿಬಿದ್ದರು. 1999ರಲ್ಲಿ ಅದನ್ನು ಹೋಲಿಸಿ ಪರೀಕ್ಷಿಸಿದಾಗ, ಉಪ್ಪುನೀರಿನ ಚುಚ್ಚುಮದ್ದು ಪಡೆದ ಮಕ್ಕಳೂ ಅಷ್ಟೇ ಸುಧಾರಿಸಿದ್ದು ಕಂಡುಬಂದಿತು. ಸುಧಾರಣೆಯನ್ನು ಕಂಡವರು ಸುಳ್ಳಾಡಲಿಲ್ಲ. ಕಾರಣವನ್ನು ಮಾತ್ರ ತಪ್ಪಾಗಿ ಊಹಿಸಿದ್ದರು. ಕಾಂತಪ್ರಚೋದನೆಗೂ ಈ ನಿಯಮವೇ ಸಲ್ಲಬೇಕು. ತೋರಿಕೆಯ ಪ್ರಚೋದನೆಯೊಡನೆ ಹೋಲಿಸದೆ ಫಲವನ್ನು ನಿರ್ಣಯಿಸಲಾಗದು. ಅಮೆರಿಕದ ನಿಯಂತ್ರಣ ಸಂಸ್ಥೆಯು 2008ರಲ್ಲಿ ವಯಸ್ಕರ ಖಿನ್ನತೆಗೆ ಇದನ್ನು ಅಂಗೀಕರಿಸಿತು. ಮಕ್ಕಳ ಆಟಿಸಂಗೆ ಅಂಥ ಅಂಗೀಕಾರ ದೊರೆತಿಲ್ಲ.

ಇನ್ನೊಂದು ಭೇದವು ಇದಕ್ಕಿಂತ ಮುಖ್ಯವಾದುದು. ರಾಬಿಸನ್ ಅವರು ಬೇಡವೆನ್ನಬಲ್ಲವರಾಗಿದ್ದರು, ನೋವಾದಾಗ ಹೇಳಬಲ್ಲವರಾಗಿದ್ದರು, ಕಡೆಗೆ ಗ್ರಂಥವನ್ನೇ ಬರೆದರು. ಮಾತು ಬಾರದ ಆರು ವರ್ಷದ ಮಗುವಿಗೆ ಈ ಮೂರೂ ಇಲ್ಲ. ಅದರ ಒಳಗೆ ಏನು ಮುರಿಯಿತೆಂಬುದು ಯಾವ ದಾಖಲೆಗೂ ಬಾರದು. ಆದುದರಿಂದ, ಮಗುವಿನ ಚಿಕಿತ್ಸೆಗೆ ಈ ಗ್ರಂಥವನ್ನು ಆಧಾರವಾಗಿ ತೋರಿಸುವವರೊಡನೆ ನಾವು ಸಮ್ಮತಿಸಲಾರೆವು. ಒಬ್ಬ ವಯಸ್ಕನ ಅನುಭವದ ದಾಖಲೆಯಾಗಿ ಮಾತ್ರ ನಮ್ಮ ವಿದ್ಯಾರ್ಥಿಗಳು ಇದನ್ನು ಅವಶ್ಯವಾಗಿ ಓದಬೇಕು; ನಷ್ಟದ ಅಧ್ಯಾಯಗಳನ್ನು ಬಿಡದೆ ಓದಬೇಕು.